ಅರ್ಧ ಬಾಟಲಿಯ ನಿಯಮ

ಅಥವಾ ಅದು ಹಸಿರು ಟೋಪಿ ಅಲ್ಲವೇನೋ, ಟೋಪಿಯೇ ಇರಲಿಲ್ಲವೇನೋ. ನಮ್ಮನ್ನೆಲ್ಲ ಗುಡ್ಡಗಳಲ್ಲಿ ನಡೆಸುತ್ತಿದ್ದ ಅಕ್ಕ ತೀರಿಕೊಂಡ ಸುದ್ದಿ ನಮ್ಮ ವಾಟ್ಸ್ಯಾಪ್ ಗುಂಪಿಗೆ ಬಂದ ಮೇಲೆ ಒಬ್ಬೊಬ್ಬರೇ ಹಳೆಯ ಫೋಟೊಗಳನ್ನು ಹಾಕತೊಡಗಿದರು. ಅವುಗಳಲ್ಲಿ ಎರಡರಲ್ಲಿ ಮಾತ್ರ ಹಸಿರು ಟೋಪಿ ಇದೆ. ಅವನ್ನು ನೋಡಿದ್ದೇ ತಡ, ನನ್ನ ನೆನಪಿನಲ್ಲಿ ಅವರು ನಿಂತ ಕಡೆಯೆಲ್ಲ ತಲೆಯ ಮೇಲೆ ಟೋಪಿ ಬಂದು ಕೂತಿದೆ, ಪಾರ್ಕಿಂಗ್ ಗರಾಜಿನ ಒಳಗೂ. ಸೂರಿನ ಕೆಳಗೆ ಯಾರಾದರೂ ಬಿಸಿಲಿನ ಟೋಪಿ ಹಾಕುತ್ತಾರೆಯೆ? ಆದ್ದರಿಂದ ನನಗೆ ಖಾತ್ರಿ ಇಲ್ಲದ ಕಡೆ ಖಾತ್ರಿ ಇಲ್ಲ ಎಂದೇ ಬರೆಯುತ್ತೇನೆ. ಅಂಥ ಜಾಗಗಳು ಕಡಿಮೆಯೇನಿಲ್ಲ.

ಖಾತ್ರಿ ಇರುವುದು ಇಷ್ಟು. ಅವರು ಧಾರವಾಡದ ಕಡೆಯವರು. ಹ್ಯೂಸ್ಟನ್ನಿನ ಎನರ್ಜಿ ಕಾರಿಡಾರ್ ಎಂಬ ಬಡಾವಣೆಯಲ್ಲಿ ಒಂದು ತೈಲ ಕಂಪನಿಯ ಆಫೀಸಿನಲ್ಲಿ ಭೂವಿಜ್ಞಾನಿ. ನೆಲದಡಿಯ ಕಲ್ಲಿನ ಪದರಗಳ ನಕ್ಷೆ ಓದುವುದು ಕೆಲಸ. "ಕೆಳಗ ಮೂರು ಕಿಲೋಮೀಟರ್ ಏನೈತಿ ಕೇಳ್ರಿ, ಹೇಳ್ತೇನಿ. ಮೇಲಿಂದು ಕೇಳಬ್ಯಾಡ್ರಿ, ಮನಿ ದಾರಿನೂ ಫೋನ್ ನೋಡೇ ಹೋಗ್ತೇನಿ" ಎನ್ನುತ್ತಿದ್ದರು. ಇದು ಸುಳ್ಳು ವಿನಯ. ಮೇಲಿನದೂ ಅವರಿಗೆ ಚೆನ್ನಾಗಿ ಗೊತ್ತಿತ್ತು. ತಿಂಗಳಿಗೊಮ್ಮೆ, ಬೇಸಿಗೆ ಬಿಟ್ಟು, ಡಾಲಸ್ಸಿನಿಂದ ನಾವು ಕೆಲವರು, ಹ್ಯೂಸ್ಟನ್ನಿನಿಂದ ಅವರ ಕಡೆಯ ಕೆಲವರು ಡ್ರೈವ್ ಮಾಡಿಕೊಂಡು ಬಂದು ಆಸ್ಟಿನ್ನಿನ ಪಶ್ಚಿಮಕ್ಕಿರುವ ಸುಣ್ಣಕಲ್ಲಿನ ಗುಡ್ಡಗಳಲ್ಲಿ ಮಕ್ಕಳನ್ನು ಕಟ್ಟಿಕೊಂಡು ನಡೆಯುತ್ತಿದ್ದೆವು. ಇಬ್ಬರಿಗೂ ಮೂರು ಗಂಟೆಯ ದಾರಿ. ಯಾರಿಗೂ ದೂರ ಎಂದು ದೂರುವ ಹಕ್ಕಿರಲಿಲ್ಲ.

ಮೊದಲ ದಿನ ನಾನು ಅವರನ್ನು "ಮೇಡಂ" ಎಂದೆ.

"ಮೇಡಂ ಅನಬ್ಯಾಡ್ರಿ. ನಾ ಏನ್ ಸಾಲಿ ಕಲಿಸ್ತೇನೇನು?"

"ಮತ್ತೆ ಏನಂತ ಕರೀಲಿ?"

"ಅಕ್ಕ ಅನ್ರಿ. ಆಂಟಿ ಅಂದ್ರ ಮಾತ್ರ ಗುಡ್ಡದ ಮ್ಯಾಲೇ ಬಿಟ್ಟು ಬರ್ತೇನಿ."

ಮಕ್ಕಳೆಲ್ಲ ಆಂಟಿ ಎಂದೇ ಕರೆದರು. ಒಂದು ಮಗುವನ್ನೂ ಗುಡ್ಡದ ಮೇಲೆ ಬಿಟ್ಟು ಬರಲಿಲ್ಲ.

ಅವರ ನಡಿಗೆಯಲ್ಲಿ ಸಾಲು ತಲೆಕೆಳಗು. ಎಲ್ಲರಿಗಿಂತ ನಿಧಾನದ ಮಗು ಮುಂದೆ. ಅದರ ಹಿಂದೆ ಉಳಿದ ಮಕ್ಕಳು, ಆಮೇಲೆ ಅಮ್ಮಂದಿರು, ಕೊನೆಗೆ ನಾವು, ಶನಿವಾರ ಜಿಮ್ಮಿಗೆ ಹೋಗಿ ಭಾನುವಾರ ಅದನ್ನು ತೋರಿಸಬೇಕೆನ್ನುವ ಗಂಡಸರು. ಮುಂದಿನ ಮಗು ಹುಳ ನೋಡಲು ಕೂತರೆ ಇಪ್ಪತ್ತು ಜನ ನಿಲ್ಲಬೇಕು. ಒಮ್ಮೆ ನಮ್ಮ ಡಾಲಸ್ ಕಡೆಯ ಕ್ಯಾರಲ್ಟನ್ನಿನ ಪ್ರಶಾಂತ್ ತಡೆಯಲಾರದೆ ಪಕ್ಕದ ಪೊದೆ ದಾಟಿ ಮುಂದೆ ಹೋದ. ತುದಿಯಲ್ಲಿ ಎಲ್ಲರೂ ಊಟಕ್ಕೆ ಕೂತಾಗ, ಶೇಂಗಾ ಹೋಳಿಗೆಯ ಡಬ್ಬಿ ಅವನ ಪಾಲಿಗೆ ಬರುವ ಹೊತ್ತಿಗೆ ಅಕ್ಕ ಮುಚ್ಚಿದರು. "ನೀವು ಮೊದಲ ಬಂದಿದ್ರಲ್ಲ, ಮೊದಲ ಉಂಡಿರಬೇಕು ಅನ್ಕೊಂಡೆ."

ಪ್ರಶಾಂತ್ ನಕ್ಕ. ಆಮೇಲೆ ಅವನ ಹೆಂಡತಿ ನನ್ನ ಹೆಂಡತಿ ಸ್ಮಿತಾಳಿಗೆ, ಅವನು ಮನೆಗೆ ಹೋಗುವವರೆಗೂ ಮಾತಾಡಲಿಲ್ಲ ಎಂದು ಹೇಳಿದಳಂತೆ.

ಒಳ್ಳೆಯವರಾಗಿದ್ದರು ಎಂದು ಬರೆಯುವುದು ಸುಲಭ. ಗುಂಪಿನಲ್ಲಿ ಎಲ್ಲರೂ ಈಗ ಹಾಗೆಯೇ ಬರೆಯುತ್ತಿದ್ದಾರೆ. ಹಟಮಾರಿಯೂ ಆಗಿದ್ದರು. ಹತ್ತು ನಿಮಿಷ ತಡವಾಗಿ ಬಂದ ಒಂದು ಕುಟುಂಬವನ್ನು ಮೂರು ಗಂಟೆ ಡ್ರೈವ್ ಮಾಡಿ ಬಂದಿದ್ದರೂ ಬಿಟ್ಟು ಹೊರಟರು. ಅಂತ್ಯಾಕ್ಷರಿಯಲ್ಲಿ ಅಕ್ಷರ ಸಿಗದಿದ್ದರೆ ಸ್ಥಳದಲ್ಲೇ ಹಾಡು ಕಟ್ಟಿ, ಅದು ಅಮ್ಮ ಹಾಡುತ್ತಿದ್ದ ಹಳೆಯ ಪದ ಎಂದು ವಾದಿಸುತ್ತಿದ್ದರು. ಹೊಗಳಿಕೆ ಬಂದರೆ ಮುಖ ಗಂಟು ಹಾಕುತ್ತಿದ್ದರು, ಬರದಿದ್ದರೂ ಹಾಕುತ್ತಿದ್ದರು. ಅವರ ಯಜಮಾನರು ಒಂದು ದಿನವೂ ನಡೆಯಲಿಲ್ಲ. ಪಾರ್ಕಿನ ಗೇಟಿನ ಬಳಿ ಕಾರಿನ ಸೀಟು ಹಿಂದಕ್ಕೆ ಒರಗಿಸಿ ಪೇಪರ್ ಓದುತ್ತಿದ್ದರು. "ಅಂಕಲ್, ನೀವ್ಯಾಕೆ ಬರಲ್ಲ?" ಎಂದರೆ, "ಯಾರಾರ ಒಬ್ರು ಹೊರಗ ಇರಬೇಕಲ್ರಿ, ಹುಡುಕಾಕ ಜನ ಕರಿಯಾಕ" ಎನ್ನುತ್ತಿದ್ದರು.

ಒಂದು ಗುಡ್ಡದಲ್ಲಿ ಕಲ್ಲಿನೊಳಗೆ ಸಿಕ್ಕಿದ ಚಿಪ್ಪನ್ನು ನನ್ನ ಮಗಳು ತನ್ವಿಗೆ ತೋರಿಸಿ, "ಇದು ಸಮುದ್ರದ ತಳ ಇತ್ತು, ಗೊತ್ತೇನು? ನಾವು ಈಗ ಸಮುದ್ರದಾಗ ನಡ್ಯಾಕತ್ತೇವಿ" ಎಂದರು. ತನ್ವಿ, "ದೆನ್ ವೈ ಆಮ್ ಐ ಸೋ ಥರ್ಸ್ಟಿ?" ಎಂದಳು. ಅವರು ಕಲ್ಲಿನ ಮೇಲೆ ಕೂತುಬಿಟ್ಟು ನಕ್ಕರು. ಅಷ್ಟು ನಕ್ಕದ್ದನ್ನು ನಾನು ಮತ್ತೆ ನೋಡಿಲ್ಲ. ಅಥವಾ ನೋಡಿದ್ದರೂ ಇದೊಂದನ್ನೇ ಇಟ್ಟುಕೊಂಡಿದ್ದೇನೆ.

ಬಾಯಾರಿಕೆಯೇ ಅವರ ಶಾಸ್ತ್ರ. ಟೆಕ್ಸಸ್ಸಿನ ಬಿಸಿಲಿನಲ್ಲಿ ಮಕ್ಕಳನ್ನು ನಡೆಸುವವರಿಗೆ ಅದೇ ಸರಿ ಕೂಡ. ಪ್ರತಿ ನಡಿಗೆಗೆ ಒಂದು ಮಗುವನ್ನು ಆರಿಸಿ, ಅದರ ಪಾರದರ್ಶಕ ಬಾಟಲಿಯ ನಡುವೆ ಕಪ್ಪು ಮಾರ್ಕರಿನಿಂದ ಗೆರೆ ಎಳೆಯುತ್ತಿದ್ದರು. ಅವತ್ತು ಆ ಮಗುವೇ ಅಳತೆ. ಅದು ಬೇಕಾದಾಗ ಕುಡಿಯಬಹುದು, ಆದರೆ ಆ ಬಾಟಲಿಗೆ ಯಾರೂ ಮತ್ತೆ ನೀರು ಹಾಕುವಂತಿಲ್ಲ. ನೀರು ಗೆರೆ ಮುಟ್ಟಿತೆಂದರೆ ಎಲ್ಲರೂ ತಿರುಗಬೇಕು. ತುದಿ ಕಣ್ಣಿಗೆ ಕಾಣುತ್ತಿದ್ದರೂ ಸರಿ, ಇನ್ನೂರು ಹೆಜ್ಜೆ ಉಳಿದಿದ್ದರೂ ಸರಿ.

"ಅಕ್ಕ, ಇನ್ನು ಐದು ನಿಮಿಷ ಅಷ್ಟೇ" ಎಂದು ನಾವು ಅಂಗಲಾಚುತ್ತಿದ್ದೆವು.

"ಗುಡ್ಡ ಎಲ್ಲಿಗೂ ಹೋಗೂದಿಲ್ರಿ. ತಿರುಗ್ರಿ."

ನಾಲ್ಕು ವರ್ಷ ಈ ನಿಯಮ ಒಮ್ಮೆಯೂ ಕೈಕೊಡಲಿಲ್ಲ. ಯಾವ ಮಗುವೂ ಬಿಸಿಲಿಗೆ ಬಳಲಿ ಬೀಳಲಿಲ್ಲ. ಆಲ್ಪ್ಸ್‌ಗೆ ಹೋಗೋಣ ಎಂಬ ಮಾತು ಬಂದಾಗ ಅದನ್ನು ನಡೆಸುವವರು ಯಾರು ಎಂದು ಯಾರೂ ಕೇಳಲಿಲ್ಲ.

ಆಸ್ಟ್ರಿಯಾದ ಒಂದು ನೇಚರ್ ಪಾರ್ಕ್. ಮಕ್ಕಳಿರುವ ಕುಟುಂಬಗಳಿಗೆ ಹೇಳಿ ಮಾಡಿಸಿದ ದಾರಿಗಳು ಎಂದು ಅವರೇ ಹುಡುಕಿದ್ದು: ಕೇಬಲ್ ಕಾರಿನಲ್ಲಿ ಮೇಲೆ ಹೋಗುವುದು, ಹುಲ್ಲುಗಾವಲುಗಳ ನಡುವೆ ನಡೆದು ಒಂದು ಕೊಳ ನೋಡುವುದು, ಮತ್ತೆ ಕೇಬಲ್ ಕಾರಿನಲ್ಲಿ ಇಳಿಯುವುದು. ಐದು ಕುಟುಂಬ, ಏಳು ಮಕ್ಕಳು. ತಯಾರಿಗೆ ಹ್ಯೂಸ್ಟನ್ನಿನಲ್ಲಿ ಏರು ಎಲ್ಲಿ? ಊರೇ ದೋಸೆ ಹಂಚು. ಅವರು ತಮ್ಮ ಆಫೀಸಿನ ಎಂಟು ಅಂತಸ್ತಿನ ಪಾರ್ಕಿಂಗ್ ಗರಾಜಿನಲ್ಲಿ ಶನಿವಾರ ಬೆಳಿಗ್ಗೆ ಮಕ್ಕಳನ್ನು ಹತ್ತಿಸಿ ಇಳಿಸಿದರು. ನಾವು ಡಾಲಸ್ ಪಕ್ಕದ ಇರ್ವಿಂಗಿನ ನಮ್ಮ ಮನೆಯಿಂದ ಒಂದು ಸಲ ಅದಕ್ಕೆಂದೇ ಹೋಗಿದ್ದೆವು. ಪ್ರತಿ ಅಂತಸ್ತಿನಲ್ಲೂ ಬಾಗಿ, "ಈಗ ಹಸು ಕಾಣಸ್ತಾವು, ದಾರಿ ಬಿಡ್ರಿ" ಎಂದು ನಿಂತ ಕಾರುಗಳನ್ನು ತೋರಿಸುತ್ತಿದ್ದರು. ಸೆಕ್ಯೂರಿಟಿಯವನು ಬಂದು ಏನಿದು ಎಂದು ಕೇಳಿದ. ಅವರು ಬ್ಯಾಡ್ಜ್ ತೋರಿಸಿ ಇಂಗ್ಲಿಷಿನಲ್ಲಿ, ಪರ್ವತಾರೋಹಣ ಎಂದರು. ಅವನು ಆರನೇ ಅಂತಸ್ತಿನವರೆಗೆ ಜೊತೆಗೆ ಬಂದ.

ಇನ್ನು ಆ ದಿನ. ಇದನ್ನು ನಾನು ಹಲವು ಸಲ ಹಲವರಿಗೆ ಹೇಳಿದ್ದೇನೆ. ಹೇಳಿದಷ್ಟೂ ನಯವಾಗಿದೆ. ಆದ್ದರಿಂದ ನಯವಾದದ್ದನ್ನು ಕೆರೆದು ಬರೆಯಲು ನೋಡುತ್ತೇನೆ.

ಅವತ್ತಿನ ಅಳತೆ ತನ್ವಿ. ಆಗ ಅವಳಿಗೆ ಎಂಟು ವರ್ಷ. ಕೊಳದ ಚಿತ್ರವನ್ನು ಮೂರು ತಿಂಗಳಿನಿಂದ ಐಪ್ಯಾಡಿನ ಮೇಲೆ ಇಟ್ಟುಕೊಂಡಿದ್ದಳು. ಮೇಲಿನ ಸ್ಟೇಷನ್ನಿನಲ್ಲಿ ಹಳದಿ ಫಲಕ ಇತ್ತು. ಅಲ್ಲಿ ದೂರವನ್ನು ಮೈಲಿಯಲ್ಲಿ ಬರೆಯುವುದಿಲ್ಲ, ನಡೆಯಲು ಬೇಕಾದ ಹೊತ್ತನ್ನು ಬರೆಯುತ್ತಾರೆ. ಕೊಳಕ್ಕೆ ಎರಡು ಗಂಟೆ ಎಂದಿತ್ತು. ಅದು ಆ ಊರಿನ ಕಾಲುಗಳ ಎರಡು ಗಂಟೆ.

ಪ್ರಶಾಂತ್ ಹೇಳಿದ: "ಅಕ್ಕ, ಲಾಸ್ಟ್ ಕೇಬಲ್ ಕಾರ್ ಐದಕ್ಕೆ. ಇವತ್ತು ಬಾಟಲಿ ಬೇಡ, ವಾಚ್ ನೋಡ್ಕೊಂಡು ಹೋಗೋಣ."

"ಗಡಿಯಾರಕ್ಕ ಬಾಯಾರಿಕಿ ಆಗೂದಿಲ್ರಿ. ಕೂಸಿಗೆ ಆಗತೈತಿ. ಅದರ ಕಡೆ ನೋಡೂಣು."

ಸಾಲು ಹೊರಟಿತು, ಪ್ರಶಾಂತನ ನಾಲ್ಕು ವರ್ಷದ ಮಗಳು ಮುಂದೆ. ಹಸುಗಳು ನಿಜವಾಗಿಯೂ ದಾರಿಗೆ ಅಡ್ಡ ನಿಂತಿದ್ದವು. ಗರಾಜಿನ ಶಿಕ್ಷಣ ಪಡೆದ ಮಕ್ಕಳು ದಾರಿ ಬಿಟ್ಟರು.

ಅಲ್ಲಿನ ತಂಪಿನಲ್ಲಿ ಯಾರಿಗೂ ಬಾಯಾರಲಿಲ್ಲ. ನಮ್ಮ ಬೆನ್ನಿನ ಮೇಲಿದ್ದ ನೀರು ಭಾರವಾಗಿಯೇ ಉಳಿಯಿತು. ಬಿಸಿಲಿಗೆ ಹುಟ್ಟಿದ ನಿಯಮ ತಂಪಿಗೆ ನಡೆಯುವುದಿಲ್ಲ ಎಂಬುದು ಈಗ ಎಷ್ಟು ಸ್ಪಷ್ಟ. ನಮ್ಮಲ್ಲಿ ಮೂವರು ಎಂಜಿನಿಯರುಗಳು, ಒಬ್ಬರು ಭೂವಿಜ್ಞಾನಿ. ಒಬ್ಬರ ತಲೆಗೂ ಹೊಳೆಯಲಿಲ್ಲ. ಪ್ರಶಾಂತನಿಗೆ ಹೊಳೆದಿತ್ತು, ಆದರೆ ಹೋಳಿಗೆ ತಪ್ಪಿಸಿಕೊಂಡವನ ಮಾತು ಎಂದು ನಾವು ನಕ್ಕಿದ್ದೆವು.

ಆದರೂ ತನ್ವಿ ಕುಡಿದಳು. ಅಳತೆಯಾಗುವ ಉತ್ಸಾಹಕ್ಕೆ ಕುಡಿದಳೋ, ಚಪಾತಿಯ ಜೊತೆಗಿನ ಚಟ್ನಿಪುಡಿ ಖಾರಕ್ಕೆ ಕುಡಿದಳೋ. ಅರ್ಧ ದಾರಿಯ ದನದ ಕೊಟ್ಟಿಗೆಯ ಬಳಿ ಮರದ ದಿಮ್ಮಿ ಕೊರೆದು ಮಾಡಿದ ತೊಟ್ಟಿಗೆ ನಲ್ಲಿಯಿಂದ ನೀರು ಬೀಳುತ್ತಿತ್ತು. ಅಲ್ಲಿ ನಿಂತಾಗ ಅವಳ ಬಾಟಲಿಯ ನೀರು ಗೆರೆಗಿಂತ ಒಂದು ಬೆರಳು ಮೇಲಿತ್ತು. ಇನ್ನೆರಡು ಗುಟುಕಿಗೆ ನಾವು ತಿರುಗಬೇಕು. ಕೊಳಕ್ಕೆ ಇನ್ನೂ ಒಂದು ಗಂಟೆಗೂ ಹೆಚ್ಚಿನ ದಾರಿ.

ಆ ಬಾಟಲಿಗೆ ನಾನು ತೊಟ್ಟಿಯಿಂದ ನೀರು ಹಾಕಿದೆ. ಪೂರ್ತಿ ಅಲ್ಲ, ನಾಲ್ಕು ಬೆರಳು ಏರುವಷ್ಟು. ಪೂರ್ತಿ ತುಂಬಿದ್ದರೆ ಗೊತ್ತಾಗುತ್ತಿತ್ತು. ಎಂದರೆ ಗೊತ್ತಾಗಬಾರದೆಂದೇ ಹಾಕಿದೆ. ನೀರು ಕೈ ಸೆಡೆಯುವಷ್ಟು ತಣ್ಣಗಿತ್ತು, ಅದು ನೆನಪಿದೆ. ಮಗಳಿಗೆ ಕೊಳ ತೋರಿಸಬೇಕೆಂದು ಹಾಕಿದೆನೋ, ಅಲ್ಲಿಯವರೆಗೆ ಬಂದು ತುದಿ ಮುಟ್ಟದೆ ತಿರುಗುವುದು ನನಗೇ ಆಗದೆ ಹಾಕಿದೆನೋ, ಅದು ನೆನಪಿಲ್ಲ. ಆಸ್ಟಿನ್ನಿನ ಗುಡ್ಡಗಳಲ್ಲಿ ನಾನು ತುದಿಗೆ ಮುಂಚೆ ತಿರುಗಿದ ಸಲಗಳನ್ನು ಎಣಿಸಿಟ್ಟವನು.

ಮುಂದಿನ ತಿರುವಿನಲ್ಲಿ ಅವರು, "ತನ್ವಿ, ಬಾಟ್ಲಿ ತೋರ್ಸು" ಎಂದರು. ಅವಳು ಎತ್ತಿ ಹಿಡಿದಳು. ಅವರು ಬೆಳಕಿಗೆ ನೋಡಿದರು. "ಭಾಳ ಛಲೋ. ಇಲ್ಲೆ ಥಂಡಿ ಐತಲ್ಲ, ನೀರ ಖರ್ಚಾಗೂದಿಲ್ಲ. ನಡೀರಿ."

ಕೊಳ ಮುಟ್ಟಿದಾಗ ಮೂರೂವರೆ. ಅದರ ಬಣ್ಣವನ್ನು ಬಣ್ಣಿಸುವುದಿಲ್ಲ. ಮಕ್ಕಳು ಕಲ್ಲು ಎಸೆದರು, ಒಬ್ಬರ ಶೂ ನೆನೆಯಿತು. ಹಿಂದಿರುಗುವಾಗ ಮಳೆ ಹಿಡಿಯಿತು. ಕೇಬಲ್ ಕಾರಿನ ಸ್ಟೇಷನ್ನಿಗೆ ಬಂದಾಗ ಐದೂ ನಲವತ್ತು. ಬಾಗಿಲು ಮುಚ್ಚಿತ್ತು, ಒಳಗೆ ಯಾರೂ ಇರಲಿಲ್ಲ. ಟ್ರ್ಯಾಕ್ಟರುಗಳು ಓಡಾಡುವ ಜಲ್ಲಿ ದಾರಿಯಲ್ಲಿ ಎರಡೂವರೆ ಗಂಟೆ ಇಳಿದೆವು. ಪ್ರಶಾಂತನ ಮಗಳು ನಡುಗುತ್ತಿದ್ದಳು. ಅಕ್ಕ ತಮ್ಮ ಜಾಕೆಟ್ ಬಿಚ್ಚಿ ಅವಳಿಗೆ ಸುತ್ತಿ, ಪ್ರಶಾಂತನ ಜೊತೆ ಸರದಿಯಲ್ಲಿ ಎತ್ತಿಕೊಂಡರು. ಆಗ ಅವರಿಗೆ ಅರವತ್ತರ ಹತ್ತಿರ. ಮಗುವನ್ನು ಎತ್ತಿಕೊಳ್ಳದಿದ್ದಾಗ ತನ್ವಿಯ ಕೈ ಹಿಡಿದು ಸಾಲಿನ ಮುಂದೆ ನಡೆದರು. ನಾನು ಹಿಂದೆ, ಎರಡು ಬ್ಯಾಗು ಹೊತ್ತುಕೊಂಡು. ಹಾಡಿ ಎಂದು ಮಕ್ಕಳಿಗೆ ಹೇಳುತ್ತಿದ್ದರು. ಯಾರೂ ಹಾಡಲಿಲ್ಲ.

ಕೆಳಗೆ ಊರು ಮುಟ್ಟಿದಾಗ ಎಂಟು ಗಂಟೆ ದಾಟಿತ್ತು, ಅಲ್ಲಿ ಆ ತಿಂಗಳಲ್ಲಿ ಇನ್ನೂ ಬೆಳಕು. ಬಸ್ ಸ್ಟಾಪಿನ ಸೂರಿನಡಿ ನಿಂತೆವು. ಪ್ರಶಾಂತನ ಮಗಳ ತುಟಿ ನೀಲಿಯಾಗಿತ್ತು. ಅವನು ಅವಳ ಕಾಲು ಉಜ್ಜುತ್ತಾ, ತಲೆ ಎತ್ತದೆ ಹೇಳಿದ:

"ಮಕ್ಕಳನ್ನ ನಿಮ್ಮನ್ನ ನಂಬಿ ಕರ್ಕೊಂಡು ಬಂದಿದ್ದು ಅಕ್ಕ. ನಿಮ್ಮ ಬಾಟಲಿ ಟೆಸ್ಟ್ ಮಾಡೋಕಲ್ಲ. ಬೆಳಿಗ್ಗೆನೇ ಹೇಳಿದ್ದೆ ನಾನು."

ಸ್ಮಿತಾ, "ಪ್ರಶಾಂತ್, ಈಗ ಬೇಡ" ಎಂದಳು.

"ಬ್ಯಾಡ ಯಾಕ? ಖರೇ ಐತಿ ಅವರು ಅನ್ನೂದು," ಎಂದರು ಅಕ್ಕ. ಒದ್ದೆ ಕೂದಲು ಹಣೆಗೆ ಅಂಟಿತ್ತು. "ತಪ್ಪು ನಂದ್ರಿ. ನಾ ವಾಚ್ ನೋಡಬೇಕಿತ್ತು."

ಹಾಗೆನ್ನುವಾಗ ನನ್ನ ಕಡೆ ನೋಡಿದರು. ಅಥವಾ ನಾನು ಅವರ ಎದುರಿಗೆ ನಿಂತಿದ್ದರಿಂದ ಅವರ ಕಣ್ಣು ಬೀಳುವ ಜಾಗದಲ್ಲಿ ನಾನಿದ್ದೆ. ಒಂದು ಸಾಲು ಹೇಳಿದರೆ ಸಾಕಿತ್ತು. ಪ್ರಶಾಂತನ ಸಿಟ್ಟು ನನ್ನ ಕಡೆ ತಿರುಗುತ್ತಿತ್ತು, ಬೈಸಿಕೊಂಡು ಮುಗಿಯುತ್ತಿತ್ತು. ನಾನು ಬಸ್ಸಿನ ವೇಳಾಪಟ್ಟಿ ಓದುತ್ತಾ ನಿಂತೆ. ಜರ್ಮನ್ ನನಗೆ ಬರುವುದಿಲ್ಲ.

ಮಗು ಮಾರನೇ ದಿನ ಆಡುತ್ತಿತ್ತು. ಯಾರಿಗೂ ಏನೂ ಆಗಲಿಲ್ಲ. ಈಗ ಗುಂಪಿನಲ್ಲಿ ಎಲ್ಲರೂ ಅದನ್ನು ದೊಡ್ಡ ಅಡ್ವೆಂಚರ್ ಎಂದು ಬರೆಯುತ್ತಾರೆ. ಪ್ರಶಾಂತನೂ ಮೊನ್ನೆ ಮಳೆಯಲ್ಲಿ ನೆನೆದ ಫೋಟೊ ಹಾಕಿ ಕೈಮುಗಿದ ಚಿಹ್ನೆ ಹಾಕಿದ್ದಾನೆ.

ಆ ವರ್ಷ ಟೆಕ್ಸಸ್ಸಿನಲ್ಲಿ ಬಿಸಿಲು ಇಳಿದ ಮೇಲೆ ನಾವು ಮೊದಲ ನಡಿಗೆಗೆ ಕಾದೆವು. ಅವರಿಂದ ಒಂದು ಮೆಸೇಜ್ ಬಂತು: ಇನ್ನು ಮುಂದೆ ಬೇರೆ ಯಾರಾದರೂ ನಡೆಸಿ, ನನಗೆ ಮೊಣಕಾಲು ನೋವು. ಪ್ರಶಾಂತ್ ಫೋನ್ ಮಾಡಿ ಕ್ಷಮೆ ಕೇಳಿದನಂತೆ. "ಅಯ್ಯ, ನೀವು ಕರೆಕ್ಟೇ ಹೇಳಿದ್ರಿ ಬಿಡ್ರಿ" ಎಂದರಂತೆ. ನಡೆಸಲು ಒಪ್ಪಲಿಲ್ಲ. ಮೊಣಕಾಲು ನೋವು ಇದ್ದದ್ದು ನಿಜ, ಆಮೇಲೆ ಆಪರೇಷನ್ನೂ ಆಯಿತು. ಆದರೆ ಅದಕ್ಕೆ ಮುಂಚೆ ಒಂದೇ ಒಂದು ಸಲ ಆಸ್ಟಿನ್ನಿಗೆ ಬಂದರು. ಅವತ್ತು ನಡೆಸಿದ್ದು ನಾನು, ಫೋನಿನ ಆ್ಯಪ್ ನೋಡಿಕೊಂಡು. ಅವರು ಸಾಲಿನ ಕೊನೆಯಲ್ಲಿ ನಡೆದರು. ನಾನು ಯಾವ ಮಗುವನ್ನು ಮುಂದೆ ಬಿಡಲಿ ಎಂದು ಕೇಳಿದ್ದಕ್ಕೆ, "ನಿಮಗ ಸರಿ ಕಂಡಂಗ ಮಾಡ್ರಿ ತಮ್ಮಾ" ಎಂದರು. ಅಂಥ ಮಾತು ಅವರ ಬಾಯಿಂದ ಅದೇ ಮೊದಲು. ಗೇಟಿನ ಬಳಿ ಯಜಮಾನರು ಪೇಪರಿನಿಂದ ತಲೆ ಎತ್ತಿ, "ಇಷ್ಟು ಲಗೂ ಬಂದ್ರಿ?" ಎಂದರು. ನಮ್ಮ ನಡಿಗೆಗಳು ಅದಾದ ಮೇಲೆ ಎರಡೋ ಮೂರೋ ನಡೆದು ನಿಂತವು.

ಹೇಳಬೇಕೆಂದು ಎರಡು ಸಲ ಹೊರಟಿದ್ದೆ. ಒಮ್ಮೆ ಅವರ ಆಪರೇಷನ್ ಆದ ಮೇಲೆ ನೋಡಲು ಹೋದಾಗ. ಅವತ್ತು ಅವರು ಫಿಸಿಯೋಥೆರಪಿಯವಳನ್ನು ಅಣಕಿಸಿ ತೋರಿಸುತ್ತಾ ಎಷ್ಟು ಖುಷಿಯಾಗಿದ್ದರೆಂದರೆ ಬೇಡ ಎನ್ನಿಸಿತು. ಇನ್ನೊಮ್ಮೆ ಫೋನಿನಲ್ಲಿ, ಅವರು ಬೇರೆ ಏನೋ ಮಾತು ಎತ್ತಿದರು. ಬೇಕೆಂದೇ ಎತ್ತಿದರು ಎಂದು ಈಗ ಅನ್ನಿಸುತ್ತದೆ. ಈಗ ಅನ್ನಿಸುವುದಕ್ಕೆ ಬೆಲೆ ಎಷ್ಟು?

ಕಳೆದ ತಿಂಗಳು ಅವರ ಕಾರ್ಯಕ್ಕೆ ಹ್ಯೂಸ್ಟನ್ನಿಗೆ ಹೋಗಿ ಮಧ್ಯಾಹ್ನ ಹಿಂದಿರುಗುತ್ತಿದ್ದೆವು. ಸ್ಮಿತಾಳಿಗೆ ಕೆಲಸವಿತ್ತು, ಕಾರಿನಲ್ಲಿ ನಾನು, ತನ್ವಿ ಇಬ್ಬರೇ. ಅವಳಿಗೀಗ ಹದಿನಾಲ್ಕು. ಅರ್ಧ ದಾರಿಯಲ್ಲಿ ಪೆಟ್ರೋಲ್ ಹಾಕಿಸಿ, ಕಾರು ಪಕ್ಕಕ್ಕೆ ನಿಲ್ಲಿಸಿ, ಅವಳಿಗೆ ಹೇಳಿದೆ. ಅವತ್ತು ನಿನ್ನ ಬಾಟಲಿಗೆ ನಾನು ನೀರು ಹಾಕಿದ್ದೆ, ಆಂಟಿಗೆ ಹೇಳಲಿಲ್ಲ ಎಂದು.

ಅವಳು ಚಿಪ್ಸ್ ತಿನ್ನುವುದನ್ನು ನಿಲ್ಲಿಸಿದಳು. "ನೋ, ಅಪ್ಪಾ. ಐ ಫಿಲ್ಡ್ ಇಟ್."

"ನಾನು ಕಣೇ. ತೊಟ್ಟಿ ಹತ್ರ. ನನಗೆ ಚೆನ್ನಾಗಿ ನೆನಪಿದೆ."

"ಐ ರಿಮೆಂಬರ್ ಟೂ. ಐ ವಾಂಟೆಡ್ ಟು ಸೀ ದ ಲೇಕ್. ನೀರು ಸೂಪರ್ ಕೋಲ್ಡ್ ಇತ್ತು." ಚಿಪ್ಸ್ ಪೊಟ್ಟಣದ ಬಾಯಿ ಮಡಚಿ, "ಅಂಡ್ ಐ ಟೋಲ್ಡ್ ಹರ್" ಎಂದಳು.

"ಯಾರಿಗೆ?"

"ಆಂಟಿಗೆ. ಕೆಳಗೆ ಬರ್ತಾ, ರೇನ್‌ನಲ್ಲಿ. ಶಿ ವಾಸ್ ಹೋಲ್ಡಿಂಗ್ ಮೈ ಹ್ಯಾಂಡ್. ಐ ವಾಸ್ ಕ್ರೈಯಿಂಗ್."

"ಅದಕ್ಕೆ ಅವರು ಏನಂದ್ರು?"

"ಶಿ ಸೆಡ್, ಈಗ ಕುಡದ ಬಿಡು ಅದನ್ನ." ಧಾರವಾಡದ ಆ ಎಳೆತವನ್ನು ಅವಳು ಹಾಗೆಯೇ ಹೇಳಿದಳು. ಮನೆಯಲ್ಲಿ ಕನ್ನಡದಲ್ಲಿ ಒಂದು ವಾಕ್ಯ ಮುಗಿಸದವಳು.

ಬಸ್ ಸ್ಟಾಪಿಗೆ ಬರುವ ಮುಂಚೆ ಹೇಳಿದ್ದಾ ಎಂದು ಕೇಳಿದೆ. ಬಸ್ ಸ್ಟಾಪ್ ಅವಳಿಗೆ ನೆನಪೇ ಇಲ್ಲ. ಪ್ರಶಾಂತ್ ಬೈದದ್ದೂ ಇಲ್ಲ. ಇದೆಲ್ಲ ಆ ಊರಿನ ಹೋಟೆಲಿನಲ್ಲಿ, ಮಾರನೇ ದಿನ ಆದದ್ದೂ ಇರಬಹುದು ಎಂದಳು. ಆಮೇಲೆ, ತಾನು ಕನಸು ಕಂಡದ್ದೂ ಇರಬಹುದು ಎಂದಳು. ನಾನು ಕಾರು ಚಾಲೂ ಮಾಡಿದೆ.

ಮನೆಗೆ ಬಂದು ಫೋಟೊ ಹುಡುಕಿದೆ. ತೊಟ್ಟಿಯ ಬಳಿ ತನ್ವಿ ನಿಂತ ಒಂದಿದೆ. ಬಾಟಲಿ ಅವಳ ಕೈಯಲ್ಲೇ ಇದೆ. ಗೆರೆಯ ಕಡೆ ಬೆರಳು ಮುಚ್ಚಿಕೊಂಡಿದೆ. ಅಂಚಿನಲ್ಲಿ ನೀಲಿ ಜಾಕೆಟ್ಟಿನ ಒಂದು ತೋಳು. ಅವತ್ತು ನೀಲಿ ಜಾಕೆಟ್ ಹಾಕಿದ್ದವರು ಮೂವರು, ಅವರೂ ಒಬ್ಬರು, ನಾನೂ ಒಬ್ಬ.

ನೀರು ಹಾಕಿದ್ದು ನಾನೋ ಮಗಳೋ, ಇಬ್ಬರೂ ಹಾಕಿದೆವೋ, ನನಗೆ ಗೊತ್ತಿಲ್ಲ. ಸೂರಿನಡಿ ನಿಂತು "ತಪ್ಪು ನಂದ್ರಿ" ಎಂದಾಗ ಅವರಿಗೆ ವಿಷಯ ತಿಳಿದಿತ್ತೋ ಇಲ್ಲವೋ, ಗೊತ್ತಿಲ್ಲ. ತಿಳಿದಿದ್ದರೆ ಎಂಟು ವರ್ಷದ ಹುಡುಗಿಯನ್ನು ಕಾಪಾಡಲು ಹಾಗೆಂದರು. ತಿಳಿಯದಿದ್ದರೆ ತಮ್ಮ ಲೆಕ್ಕವೇ ಕೆಟ್ಟಿತೆಂದು ನಂಬಿ ಹೋದರು. ಎರಡರಲ್ಲಿ ಯಾವುದು ಎಂದು ಹೇಳಬಲ್ಲವರು ಅವರೊಬ್ಬರೇ ಇದ್ದರು, ಆರು ವರ್ಷ ಇದ್ದರು. ನಾನು ಕೇಳಲಿಲ್ಲ.